ವಿರಳವೂ ದುರ್ಲಭವೂ: ಮಕ್ಕಳ ಚಿತ್ರದೆಲೆಗಳ ವಿಚಾರ

ಮಕ್ಕಳಿರುವ ಮನೆಗಳಲ್ಲಿ ಈಚೆಗೆ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ. ಅದು 'ರೇರ್' ಎಂಬ ಮಾತು. ನೀವೂ ಕೇಳಿರಬಹುದು. ಯಲಹಂಕ ಉಪನಗರದಲ್ಲಾಗಲಿ, ಆರ್.ಟಿ. ನಗರದಲ್ಲಾಗಲಿ, ಸಂಜೆ ಶಾಲೆ ಬಿಡುವ ಹೊತ್ತಿಗೆ ಪುಸ್ತಕದಂಗಡಿಯ ಮುಂದೆ ಐದು ನಿಮಿಷ ನಿಂತರೆ ಸಾಕು. ಏಳೆಂಟು ಹುಡುಗರು ತಲೆಗೆ ತಲೆ ಕೂಡಿಸಿ ಒಂದು ಹೊಳೆಯುವ ಪೊಟ್ಟಣವನ್ನು ಒಡೆಯುತ್ತಿರುತ್ತಾರೆ. ಒಡೆದವನ ಮುಖ ಒಂದು ಕ್ಷಣ ಅರಳುತ್ತದೆ, ಇಲ್ಲವೆ ಬಾಡುತ್ತದೆ. 'ರೇರ್ ಬಂತೇನೋ?' ಎಂಬುದು ಸುತ್ತ ನಿಂತವರ ಪ್ರಶ್ನೆ. ಮನೆಗೆ ಹೋದ ಮೇಲೆ ತಂದೆಯ ಪ್ರಶ್ನೆ ಬೇರೆ: 'ಮುನ್ನೂರು ರೂಪಾಯಿಗೆ ಹತ್ತು ಕಾಗದದ ಚೂರೇನಪ್ಪ?' ಈ ಎರಡು ಪ್ರಶ್ನೆಗಳ ನಡುವೆ ಇರುವ ವಿಷಯವನ್ನು ಇಂದು ನಿಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ.

ಮೊದಲು ವಸ್ತುವಿನ ಪರಿಚಯವಾಗಲಿ. ಇಸ್ಪೀಟಿನ ಕಾರ್ಡನ್ನು ನಾವು ಎಲೆ ಎನ್ನುತ್ತೇವೆ. ಆ ರೂಢಿಯನ್ನೇ ಹಿಡಿದು ಇವನ್ನು ಚಿತ್ರದೆಲೆಗಳೆಂದು ಕರೆಯೋಣ. ಅಂಗೈಯಗಲದ ದಪ್ಪ ಕಾಗದ. ಒಂದು ಕಡೆ ಆಟಗಾರನದೋ ಮಲ್ಲನದೋ ಕಲ್ಪಿತ ಪ್ರಾಣಿಯದೋ ಚಿತ್ರ. ಅದರ ಕೆಳಗೆ ಬಲಾಬಲಗಳ ಅಂಕಿ. ಇವನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳಲು ಬಿಡದೆ, ಹತ್ತೋ ಹದಿನೈದೋ ಎಲೆಗಳನ್ನು ಮುಚ್ಚಿದ ಪೊಟ್ಟಣದಲ್ಲಿಟ್ಟು ಮಾರುತ್ತಾರೆ. ಇದಕ್ಕೆ ಬೂಸ್ಟರ್ ಪ್ಯಾಕ್ ಎಂದು ಹೆಸರು. ಒಳಗೆ ಯಾವ ಎಲೆಗಳಿವೆಯೆಂಬುದು ಹಣ ಕೊಟ್ಟು ಒಡೆದ ಮೇಲೆ ತಿಳಿಯತಕ್ಕದ್ದು. ಅವುಗಳಲ್ಲಿ ಕೆಲವನ್ನು ಕಂಪನಿ ಹೇರಳವಾಗಿ ಅಚ್ಚು ಹಾಕುತ್ತದೆ, ಕೆಲವನ್ನು ಕೈಬಿಗಿಹಿಡಿದು ಅಚ್ಚು ಹಾಕುತ್ತದೆ. ಹೀಗೆ ಕೈಬಿಗಿಹಿಡಿದದ್ದೇ 'ರೇರ್'.

ನಾನು ಕನ್ನಡದ ಪಂಡಿತ. ಯಾವ ವಸ್ತುವನ್ನು ಕಂಡರೂ ಅದಕ್ಕೆ ನಮ್ಮಲ್ಲಿ ಏನು ಮಾತಿದೆಯೆಂದು ಹುಡುಕುವುದು ನನ್ನ ಕಸುಬಿನ ಚಾಳಿ. ಈ ಒಂದು ಇಂಗ್ಲಿಷು ಮಾತಿಗೆ ನಮ್ಮಲ್ಲಿ ಮೂರು ಮಾತುಗಳಿವೆ: ವಿರಳ, ದುರ್ಲಭ, ಅಪರೂಪ. ಮೂರನ್ನೂ ನಾವು ಒಂದೇ ಅರ್ಥದಲ್ಲಿ ಬಳಸುತ್ತೇವಾದರೂ ಅವು ಒಂದೇ ಅಲ್ಲ. ವಿರಳವೆಂದರೆ ಸಂಖ್ಯೆಯಲ್ಲಿ ಕಡಿಮೆಯಾದದ್ದು, ಒತ್ತಾಗಿಲ್ಲದ್ದು. ದುರ್ಲಭವೆಂದರೆ ಪಡೆಯುವುದಕ್ಕೆ ಕಷ್ಟವಾದದ್ದು. ಒಂದು ವಸ್ತು ವಿರಳವಾಗಿದ್ದೂ ಸುಲಭವಾಗಿರಬಹುದು. ಊರಿಗೊಂದೇ ಬಾವಿಯಿದ್ದು ಅದಕ್ಕೆ ಯಾರು ಬೇಕಾದರೂ ಕೊಡ ಇಳಿಬಿಡಬಹುದಾದರೆ ಬಾವಿ ವಿರಳವೇ ಹೊರತು ನೀರು ದುರ್ಲಭವಲ್ಲ. ಅಪರೂಪ ಎಂಬ ಮಾತಿನ ಕಥೆಯಂತೂ ಸ್ವಾರಸ್ಯವಾಗಿದೆ. ಅದನ್ನು ಮುಂದೆ ಹೇಳುತ್ತೇನೆ. ಸದ್ಯಕ್ಕೆ ವಿರಳ, ದುರ್ಲಭ ಎಂಬ ಎರಡು ಮಾತುಗಳ ಭೇದವನ್ನು ನೆನಪಿನಲ್ಲಿಡಿ. ಚಿತ್ರದೆಲೆಗಳ ನೂರು ವರ್ಷಕ್ಕೂ ಮೀರಿದ ಚರಿತ್ರೆಯೆಲ್ಲ ಈ ಭೇದದಲ್ಲಿ ಅಡಗಿದೆ.

ನಮ್ಮ ನಾಡಿನಲ್ಲಿ ಎಲೆಯಾಟ ಹೊಸದಲ್ಲ. ಗಂಜೀಫಾ ಎಂಬ ದುಂಡನೆಯ ಚಿತ್ರದೆಲೆಗಳನ್ನು ನೀವು ವಸ್ತುಸಂಗ್ರಹಾಲಯಗಳಲ್ಲಿ ನೋಡಿರಬಹುದು. ದಶಾವತಾರದ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ಎಲೆಗಳು. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಈ ಆಟದಲ್ಲಿ ಎಷ್ಟು ಆಸಕ್ತಿಯಿತ್ತೆಂದರೆ, ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗದಲ್ಲಿ 13 ಬಗೆಯ ಎಲೆಯಾಟಗಳು ವರ್ಣಿತವಾಗಿವೆ. ಅವಕ್ಕೆ 'ಚದ' ಎಂದು ಹೆಸರು; ಅತಿ ದೊಡ್ಡ ಚದಕ್ಕೆ 360 ಎಲೆಗಳು ಬೇಕು. ಆದರೆ 360 ಇರಲಿ, 120 ಇರಲಿ, ಕಟ್ಟು ಕೈಗೆ ಬಂದಾಗ ಎಲ್ಲವೂ ಒಟ್ಟಿಗೆ ಬಂದವು. ರಾಜನೂ ಮಂತ್ರಿಯೂ ಅದರಲ್ಲಿಯೇ ಇದ್ದರು. ರಾಜನ ಎಲೆಗೆ ಆಟದಲ್ಲಿ ಬೆಲೆ ಹೆಚ್ಚು, ಅಂಗಡಿಯಲ್ಲಿ ಹೆಚ್ಚಿರಲಿಲ್ಲ. ಯಾರ ಕೈಗೆ ರಾಜ ಬಂದನೆಂಬುದು ಹಂಚಿಕೆಯ ಅದೃಷ್ಟ. ಮುಂದಿನ ಆಟಕ್ಕೆ ಆ ಅದೃಷ್ಟ ಅಳಿಸಿಹೋಗುತ್ತಿತ್ತು. 1990ರ ಈಚೆಗೆ ನಮ್ಮ ಮಕ್ಕಳು ಆಡಿದ ಮಲ್ಲರ ಚಿತ್ರದ ಟ್ರಂಪ್ ಕಾರ್ಡುಗಳೂ ಇದೇ ಜಾತಿಯವು. ಇವುಗಳಲ್ಲಿ ವಿರಳವೂ ಇಲ್ಲ, ದುರ್ಲಭವೂ ಇಲ್ಲ.

ಪೊಟ್ಟಣದೊಳಗೆ ಒಂದೊಂದೇ ಎಲೆ ಬರುವ ಪದ್ಧತಿ ಹೊಗೆಸೊಪ್ಪಿನ ಕಂಪನಿಗಳಿಂದ ಬಂದದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಸಿಗರೇಟು ಮುರಿಯದಿರಲೆಂದು ಪೊಟ್ಟಣದಲ್ಲಿ ಒಂದು ದಪ್ಪ ಕಾಗದವನ್ನಿಡುತ್ತಿದ್ದರು. ಅದು ಬರಿದಾಗಿರುವುದೇಕೆಂದು ಅದರ ಮೇಲೆ ಚಿತ್ರವನ್ನು ಅಚ್ಚು ಹಾಕಿದರು. ತಂದೆ ಸೇದಿದ, ಮಗ ಚಿತ್ರ ಕೂಡಿಸಿದ. ಆ ಕಾಲದ ಎಲೆಗಳಲ್ಲಿ ಬಹು ಪ್ರಸಿದ್ಧವಾದದ್ದು ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನದು. ಅಮೆರಿಕನ್ ಟೊಬ್ಯಾಕೊ ಕಂಪನಿ 1909ರಿಂದ 1911ರವರೆಗೆ ಹೊರಡಿಸಿದ ಮಾಲೆಯಲ್ಲಿ ಅವನ ಚಿತ್ರವೂ ಇತ್ತು. ವ್ಯಾಗ್ನರ್ ಒಪ್ಪಲಿಲ್ಲ, ಅಚ್ಚು ನಿಂತಿತು. ಮಕ್ಕಳು ತನ್ನ ಚಿತ್ರಕ್ಕಾಗಿ ಹೊಗೆಸೊಪ್ಪು ಕೊಳ್ಳುವುದು ಅವನಿಗೆ ಇಷ್ಟವಿರಲಿಲ್ಲವೆಂದು ಕೆಲವರು, ಹಣ ಕೊಡದೆ ಚಿತ್ರ ಬಳಸಿದರೆಂದು ಸಿಟ್ಟಾದನೆಂದು ಕೆಲವರು ಹೇಳುತ್ತಾರೆ. ಅಂತೂ ಇಂದು ಉಳಿದಿರುವುದು ಐವತ್ತು ಅರವತ್ತು ಎಲೆಗಳು ಮಾತ್ರ. 2022ರಲ್ಲಿ ಅವುಗಳಲ್ಲೊಂದು 72.5 ಲಕ್ಷ ಡಾಲರಿಗೆ, ಎಂದರೆ ಐವತ್ತು ಕೋಟಿ ರೂಪಾಯಿಗೂ ಮಿಕ್ಕ ಬೆಲೆಗೆ ಮಾರಾಟವಾಯಿತು.

ಇನ್ನೊಂದು ದೃಷ್ಟಾಂತ ಕೇಳಿ. ಟಾಪ್ಸ್ ಎಂಬ ಕಂಪನಿ 1952ರಲ್ಲಿ ಬೇಸ್‌ಬಾಲ್ ಆಟಗಾರರ ದೊಡ್ಡ ಮಾಲೆಯೊಂದನ್ನು ಹೊರಡಿಸಿತು. ಅದರ ಕೊನೆಯ ಕಂತು ತಡವಾಗಿ ಅಂಗಡಿಗೆ ಬಂದು ಮಾರಾಟವಾಗದೆ ಉಳಿಯಿತು. ಉಗ್ರಾಣದಲ್ಲಿ ಜಾಗ ಸಾಲದೆ, 1960ರಲ್ಲಿ ಆ ಪೆಟ್ಟಿಗೆಗಳನ್ನು ದೋಣಿಯಲ್ಲಿ ಸಾಗಿಸಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದುದಾಗಿ ಆ ಕಂಪನಿಯ ಸೈ ಬರ್ಗರ್ ಎಂಬವರೇ ಹೇಳಿದ್ದಾರೆ. ಆ ಕಂತಿನಲ್ಲಿದ್ದ ಮಿಕಿ ಮ್ಯಾಂಟಲ್ ಎಂಬ ಆಟಗಾರನ ಒಂದು ಎಲೆಗೆ 2022ರಲ್ಲಿ 1.26 ಕೋಟಿ ಡಾಲರು ಬಂತು. ಇವೆರಡೂ ವಿರಳವಾದದ್ದು ಆಕಸ್ಮಿಕದಿಂದ. ಒಂದು ಕಡೆ ಆಟಗಾರ ಒಪ್ಪಲಿಲ್ಲ, ಇನ್ನೊಂದು ಕಡೆ ಮಾಲು ಬಿಕರಿಯಾಗಲಿಲ್ಲ. ಈ ಎಲೆ ಯಾರಿಗೂ ಸಿಗದಂತೆ ಮಾಡೋಣವೆಂದು ಯಾರೂ ಕುಳಿತು ಯೋಚಿಸಲಿಲ್ಲ.

ನಮ್ಮ ಊರಿಗೆ ಬರೋಣ. ಈಗ ಐವತ್ತು ದಾಟಿರುವವರಿಗೆ ಬೆಂಕಿಪೆಟ್ಟಿಗೆಯ ಚಿತ್ರಗಳ ನೆನಪು ಇದ್ದೇ ಇರುತ್ತದೆ. ಆಮೇಲೆ ಬಬ್ಬಲ್ ಗಮ್ಮಿನ ಕಾಲ ಬಂತು. 1987ರಲ್ಲಿ ವಿಶ್ವ ಕಪ್ ಪಂದ್ಯಗಳು ಭಾರತ, ಪಾಕಿಸ್ತಾನಗಳಲ್ಲಿ ನಡೆದಾಗ ಬಿಗ್ ಫನ್ ಗಮ್ಮಿನೊಡನೆ ಕ್ರಿಕೆಟ್ ಆಟಗಾರರ ಚಿತ್ರಗಳು ಬರುತ್ತಿದ್ದವು. ಅವುಗಳಲ್ಲಿ ಅಚ್ಚಾದ ರನ್ನುಗಳನ್ನು ಕೂಡಿಸಿದರೆ ಬಹುಮಾನವಿತ್ತು. ಗಮ್ಮು ಅಗಿದು ದವಡೆ ನೋಯಿಸಿಕೊಂಡವರು ನಿಮ್ಮಲ್ಲಿಯೂ ಇರಬಹುದು. ಈ ಶತಮಾನದ ಎರಡನೆಯ ದಶಕದಲ್ಲಿ ಟಾಪ್ಸ್ ಕಂಪನಿಯ ಎಲೆಗಳೇ ನಮ್ಮ ಅಂಗಡಿಗಳಿಗೆ ಬಂದವು. ಮಲ್ಲರದು ಸ್ಲ್ಯಾಮ್ ಅಟ್ಯಾಕ್ಸ್. ಐಪಿಎಲ್ ಆಟಗಾರರದು ಕ್ರಿಕೆಟ್ ಅಟ್ಯಾಕ್ಸ್. ಹೊಳೆಯುವ ಎಲೆ, ಚಿನ್ನದ ಬಣ್ಣದ ಎಲೆ ಎಂಬ ತಾರತಮ್ಯವನ್ನು ನಮ್ಮ ಬಹುಮಂದಿ ಮಕ್ಕಳು ಮೊದಲು ಕಲಿತದ್ದು ಅವುಗಳಲ್ಲಿ.

ಬಬ್ಬಲ್ ಗಮ್ಮಿನ ಕಾಲದಲ್ಲಿ ಒಂದು ಗುಣವಿತ್ತು. ಅದನ್ನು ಲೆಕ್ಕದಿಂದಲೇ ತೋರಿಸುತ್ತೇನೆ. 50 ಚಿತ್ರಗಳ ಒಂದು ಮಾಲೆಯಿದೆ, ಎಲ್ಲವನ್ನೂ ಸಮನಾಗಿ ಅಚ್ಚು ಹಾಕಿದ್ದಾರೆ, ಪೊಟ್ಟಣಕ್ಕೊಂದು ಚಿತ್ರ ಎಂದಿಟ್ಟುಕೊಳ್ಳಿ. ಒಬ್ಬನೇ ಹುಡುಗ ಯಾರೊಡನೆಯೂ ಸೇರದೆ ಮಾಲೆಯನ್ನು ಪೂರ್ಣಮಾಡಬೇಕಾದರೆ ಸರಾಸರಿ 225 ಪೊಟ್ಟಣ ಬೇಕು. ಮೊದಲ 25 ಚಿತ್ರಗಳು ಸುಮಾರು 34 ಪೊಟ್ಟಣಗಳಲ್ಲಿ ಬಂದುಬಿಡುತ್ತವೆ. ಉಳಿದ 25ಕ್ಕೆ 191 ಪೊಟ್ಟಣ! ಕಟ್ಟಕಡೆಯ ಒಂದು ಚಿತ್ರಕ್ಕೇ ಸರಾಸರಿ 50. ಏಕೆಂದರೆ ಪುಸ್ತಕ ತುಂಬಿದಂತೆಲ್ಲ ಬಂದದ್ದೇ ಬರುತ್ತದೆ. ಕಂಪನಿ ಏನನ್ನೂ ಬಚ್ಚಿಡಲಿಲ್ಲ, ಗಣಿತವೇ ಹೀಗೆ. ಆದರೆ ಇದಕ್ಕೆ ಬೀದಿಯ ಮಕ್ಕಳು ಒಂದು ಮದ್ದು ಕಂಡುಕೊಂಡಿದ್ದರು: ಅದಲುಬದಲು. ನನ್ನಲ್ಲಿ ಎರಡಿರುವ ಕಪಿಲ್ ದೇವ್ ನಿನಗೆ, ನಿನ್ನಲ್ಲಿ ಎರಡಿರುವ ಶ್ರೀಕಾಂತ್ ನನಗೆ. ಹತ್ತು ಮಕ್ಕಳು ಹೀಗೆ ಕೂಡಿದರೆ ತಲೆಗೆ ಬೀಳುವ ಪೊಟ್ಟಣಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ವಿರಳವಾದದ್ದು ಸ್ನೇಹದಿಂದ ಸುಲಭವಾಗುತ್ತಿತ್ತು. ಹಂಚಿಕೊಂಡವನಿಗೇ ಲಾಭವಾಗುವ ವ್ಯವಹಾರವನ್ನು ಮಕ್ಕಳು ಬೀದಿಯಲ್ಲಿ ಕಲಿಯುತ್ತಿದ್ದರು. ಈ ಮಾತಿಗೆ ಮತ್ತೆ ಬರುತ್ತೇನೆ.

ಬದಲಾವಣೆ ಆರಂಭವಾದದ್ದು 1990ರ ಆಸುಪಾಸಿನಲ್ಲಿ. ಅಮೆರಿಕದಲ್ಲಿ ಹಳೆಯ ಎಲೆಗಳಿಗೆ ಬೆಲೆ ಬಂದುದನ್ನು ಕಂಡ ಜನ ಹೊಸ ಎಲೆಗಳನ್ನೂ ಕೊಂಡು ಜೋಪಾನಮಾಡತೊಡಗಿದರು. ಕಂಪನಿಗಳೂ ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದುವು. ಎಲ್ಲರ ಮನೆಯಲ್ಲೂ ಇರುವ ವಸ್ತುವಿಗೆ ಬೆಲೆಯೆಲ್ಲಿಂದ ಬರಬೇಕು? ಆ ವರ್ಷಗಳ ಎಲೆಗಳು ಇಂದಿಗೂ ಕಸದ ಬೆಲೆಯಲ್ಲಿಯೇ ಇವೆ. ಆಗ ಕಂಪನಿಗಳಿಗೆ ಒಂದು ಉಪಾಯ ಹೊಳೆಯಿತು. ಅಪ್ಪರ್ ಡೆಕ್ ಎಂಬ ಕಂಪನಿ 1990ರಲ್ಲಿ ರೆಜಿ ಜ್ಯಾಕ್ಸನ್ ಎಂಬ ಆಟಗಾರನಿಂದ 2,500 ಎಲೆಗಳಿಗೆ ರುಜು ಹಾಕಿಸಿ, ಅವನ್ನು ಅಸಂಖ್ಯ ಪೊಟ್ಟಣಗಳ ನಡುವೆ ಸೇರಿಸಿ, ಹುಡುಕಿಕೊಳ್ಳಿರೆಂದು ಸಾರಿತು. ಆಕಸ್ಮಿಕವಾಗಿದ್ದ ವಿರಳತೆ ಯೋಜನೆಯಾಗಿ ಮಾರ್ಪಟ್ಟಿತು.

1993ರಲ್ಲಿ ಇನ್ನೊಂದು ಹೆಜ್ಜೆ. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತದ ವಿದ್ವಾಂಸ ಮ್ಯಾಜಿಕ್ ಎಂಬ ಎಲೆಯಾಟವನ್ನು ರಚಿಸಿದ. ಅದರ ಬೂಸ್ಟರ್ ಪೊಟ್ಟಣದಲ್ಲಿ 15 ಎಲೆಗಳು: 11 ಸಾಮಾನ್ಯ, 3 ಸ್ವಲ್ಪ ವಿರಳ, 1 ವಿರಳ. ಈ ಕಟ್ಟಳೆಯ ಉದ್ದೇಶ ಮೊದಲಿಗೆ ಕೆಟ್ಟದ್ದಲ್ಲ. ಆಡುವವರು ನಾಲ್ಕಾರು ಪೊಟ್ಟಣ ಕೊಂಡು, ಉಳಿದದ್ದನ್ನು ಸ್ನೇಹಿತರೊಡನೆ ಬದಲಾಯಿಸಿಕೊಂಡು ಆಡುವರೆಂದೂ, ಪ್ರಬಲವಾದ ಎಲೆ ಊರಿಗೊಂದೆರಡು ಮಾತ್ರ ಇದ್ದು ಆಟ ಸಮತೂಕದಲ್ಲಿರುವುದೆಂದೂ ಅವನ ಎಣಿಕೆ. ಜನ ಪೆಟ್ಟಿಗೆ ಪೆಟ್ಟಿಗೆಯಾಗಿ ಕೊಳ್ಳುವರೆಂದು ಅವನು ನೆನೆಸಿರಲಿಲ್ಲ. ಮೊದಲ ನಿಯಮಗಳಲ್ಲಿ ಪಣವೂ ಇತ್ತು. ಇಬ್ಬರೂ ಒಂದೊಂದು ಎಲೆಯನ್ನು ಒಡ್ಡಿ, ಗೆದ್ದವನು ಎರಡನ್ನೂ ಒಯ್ಯುವುದು. ಧರ್ಮರಾಯನ ಕಥೆ ಬಲ್ಲ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲವು ವರ್ಷಗಳಲ್ಲಿ ಪಣದ ನಿಯಮವನ್ನು ಕೈಬಿಟ್ಟರು. ಪೊಟ್ಟಣದೊಳಗಿನ ಪಣ ಮಾತ್ರ ಉಳಿಯಿತು.

ನಮ್ಮ ಮಕ್ಕಳು ಹೆಚ್ಚು ಬಲ್ಲದ್ದು ಪೋಕೆಮಾನ್. ಈ ಎಲೆಗಳು ಜಪಾನಿನಲ್ಲಿ 1996ರಲ್ಲಿ, ಅಮೆರಿಕದಲ್ಲಿ 1999ರಲ್ಲಿ ಹೊರಟವು. ಎಲೆಯ ಕೆಳಗಿನ ಮೂಲೆಯಲ್ಲಿ ಒಂದು ಗುರುತು ಇರುತ್ತದೆ. ಉರುಟು ಚುಕ್ಕೆಯಿದ್ದರೆ ಸಾಮಾನ್ಯ, ವಜ್ರಾಕೃತಿಯಿದ್ದರೆ ಅದಕ್ಕಿಂತ ಮೇಲು, ನಕ್ಷತ್ರವಿದ್ದರೆ ವಿರಳ. ಅಮೆರಿಕದ ಮೊದಲ ಮಾಲೆಯಲ್ಲಿ 102 ಎಲೆಗಳಿದ್ದವು. ಪೊಟ್ಟಣಕ್ಕೆ 11 ಎಲೆ, ಅದರಲ್ಲಿ ನಕ್ಷತ್ರದ್ದು 1. ಸುಮಾರು ಮೂರು ಪೊಟ್ಟಣಕ್ಕೊಂದರಂತೆ ಆ ನಕ್ಷತ್ರದ ಎಲೆ ಹೊಳೆಯುವಂಥದು. ಹೊಳೆಯುವ ಎಲೆಗಳು 16 ಬಗೆ. ಹಾಗಾದರೆ ಎಲ್ಲರೂ ಬಯಸುವ ಚಾರಿಜಾರ್ಡ್ ಎಂಬ ಬೆಂಕಿಯುಗುಳುವ ಪ್ರಾಣಿ ಎಷ್ಟು ಪೊಟ್ಟಣಕ್ಕೆ ಒಂದು? ಮೂರನ್ನು ಹದಿನಾರರಿಂದ ಗುಣಿಸಿ: 48. ದುಬಾರಿಯೇ ಸರಿ, ಆದರೂ ಒಂದು ತರಗತಿಯ ಮಕ್ಕಳೆಲ್ಲ ಸೇರಿದರೆ ಯಾರ ಕೈಯಲ್ಲಾದರೂ ಒಂದು ಕಾಣಿಸುವ ಮಟ್ಟದಲ್ಲಿತ್ತು.

ಅಲ್ಲಿಂದೀಚೆಗೆ ಮೆಟ್ಟಿಲಿನ ಮೇಲೆ ಮೆಟ್ಟಿಲು ಬೆಳೆದಿದೆ. 1999ರಲ್ಲಿ ಮ್ಯಾಜಿಕ್ ಎಲೆಗಳಿಗೂ ಹೊಳಪು ಬಂತು. 2008ರಲ್ಲಿ ವಿರಳಕ್ಕಿಂತ ಮೇಲೆ 'ಮಿಥಿಕ್' ಎಂಬ ಹೊಸ ದರ್ಜೆ ಹುಟ್ಟಿತು. ಅದು ಸುಮಾರು ಎಂಟು ಪೊಟ್ಟಣಕ್ಕೊಂದು. 2019ರಲ್ಲಿ ಸಂಗ್ರಾಹಕರಿಗೆಂದೇ ಬೇರೆ ಪೊಟ್ಟಣ, ಬೇರೆ ಬೆಲೆ. 2024ರಲ್ಲಿ ಹಳೆಯ 15 ಎಲೆಗಳ ಕಟ್ಟಳೆಯೂ ಹೋಗಿ, 14 ಎಲೆಗಳ ಹೊಸ ಪೊಟ್ಟಣ ಬಂತು. ಅದರಲ್ಲಿ ವಿರಳವಾದವು ಒಂದೂ ಇರಬಹುದು, ನಾಲ್ಕೂ ಇರಬಹುದು. ಪೋಕೆಮಾನಿನಲ್ಲಿ ಮೂರೇ ಇದ್ದ ಗುರುತುಗಳು 2023ರ ಮಾಲೆಯ ಹೊತ್ತಿಗೆ ಎಂಟಾದವು. ಚುಕ್ಕೆ, ವಜ್ರ, ಕಪ್ಪು ನಕ್ಷತ್ರ, ಎರಡು ಕಪ್ಪು ನಕ್ಷತ್ರ, ಎರಡು ಬೆಳ್ಳಿ ನಕ್ಷತ್ರ, ಒಂದು ಚಿನ್ನದ ನಕ್ಷತ್ರ, ಎರಡು ಚಿನ್ನದ್ದು, ಮೂರು ಚಿನ್ನದ್ದು. ಈಗ ಪ್ರತಿ ಪೊಟ್ಟಣದಲ್ಲಿಯೂ ಹೊಳೆಯುವ ಎಲೆಗಳು ಕನಿಷ್ಠ ಮೂರು ಇರುತ್ತವೆ. ಹಿಂದೆ ಮಗುವಿನ ಕಣ್ಣರಳಿಸುತ್ತಿದ್ದ ಹೊಳಪು ಇಂದು ಲೆಕ್ಕಕ್ಕಿಲ್ಲ. ಬೇಕಾದದ್ದು ಎರಡು ಚಿನ್ನದ ನಕ್ಷತ್ರದ್ದು, ಅದರಲ್ಲಿಯೂ ಇಂಥದೇ ಒಂದು. ಅದು ನೂರಾರು ಪೊಟ್ಟಣಗಳಿಗೊಮ್ಮೆ ಕಂಡರೆ ಕಂಡಿತು. ಅದರ ಪ್ರಮಾಣವನ್ನು ಕಂಪನಿ ಹೇಳುವುದೂ ಇಲ್ಲ. ಸಾವಿರಾರು ಪೊಟ್ಟಣ ಒಡೆದವರು ತಾವೇ ಎಣಿಸಿ ಹೇಳಬೇಕು.

ಈ ಏಣಿಯ ತುದಿಯನ್ನೂ ನೋಡಿಬಿಡೋಣ. 2023ರಲ್ಲಿ ಮ್ಯಾಜಿಕ್ ಕಂಪನಿ ಟೋಲ್ಕಿನ್ನರ ಕಥೆಯ ಉಂಗುರದ ಒಂದು ಎಲೆಯನ್ನು ಇಡೀ ಪ್ರಪಂಚಕ್ಕೆ ಒಂದೇ ಒಂದು ಅಚ್ಚು ಹಾಕಿ, 'ಒಂದರಲ್ಲಿ ಒಂದು' ಎಂದು ಸಂಖ್ಯೆ ಒತ್ತಿ, ಪೊಟ್ಟಣಗಳ ಸಮುದ್ರಕ್ಕೆ ಬಿಟ್ಟಿತು. ಅದು ಕೆನಡಾದಲ್ಲಿ ಒಬ್ಬರಿಗೆ ದೊರೆತು, ಪೋಸ್ಟ್ ಮಲೋನ್ ಎಂಬ ಗಾಯಕ ಅದನ್ನು 20 ಲಕ್ಷ ಡಾಲರಿಗೆ ಕೊಂಡನೆಂದು ವರದಿಯಾಯಿತು. ಒಂದು ಕಾಲದಲ್ಲಿ ಸಾಗರಕ್ಕೆ ಎಸೆದದ್ದರಿಂದ ವಿರಳವಾಯಿತು. ಈಗ ವಿರಳವನ್ನೇ ಮಾಡಿ ಸಾಗರಕ್ಕೆ ಎಸೆಯುತ್ತಾರೆ. ಉಳಿದವರೆಲ್ಲ ಕೊಂಡ ಪೊಟ್ಟಣಗಳ ಹಣ ಕಂಪನಿಗೆ ಸೇರಿತು.

ಇನ್ನು ಆ ಅದಲುಬದಲಿನ ಮಾತಿಗೆ ಬರುತ್ತೇನೆ. ಎಲ್ಲ ಚಿತ್ರಗಳೂ ಸಮನಾಗಿ ಅಚ್ಚಾಗಿದ್ದಾಗ ಹತ್ತು ಮಕ್ಕಳು ಕೂಡಿದರೆ ಹತ್ತು ಮಂದಿಯ ಪುಸ್ತಕವೂ ತುಂಬುತ್ತಿತ್ತು. ಈಗ ಅದೇ ಹತ್ತು ಮಕ್ಕಳು ತಲಾ ಹತ್ತು ಪೊಟ್ಟಣದಂತೆ ನೂರು ಪೊಟ್ಟಣ ಒಡೆಯಲಿ. ಬಯಸಿದ ಎಲೆ ಒಂದು ಬರಬಹುದು, ಬರದೆಯೂ ಇರಬಹುದು. ಬಂದವನು ಅದನ್ನು ಯಾವುದಕ್ಕೆ ಬದಲಾಯಿಸಿಕೊಂಡಾನು? ಅದಕ್ಕೆ ಸಮನಾದದ್ದು ಉಳಿದ ಒಂಬತ್ತು ಮಂದಿಯಲ್ಲಿ ಇಲ್ಲ. ಅವನು ಅದನ್ನು ಪ್ಲಾಸ್ಟಿಕ್ಕಿನ ಹೊದಿಕೆಯಲ್ಲಿಟ್ಟು, ಇಂಟರ್‌ನೆಟ್ಟಿನಲ್ಲಿ ಬೆಲೆ ನೋಡಿ, ಬೀಗ ಹಾಕುತ್ತಾನೆ. ಆಟವೂ ಆಡುವುದಿಲ್ಲ. ವಿರಳವಾಗಿದ್ದದ್ದು ಸ್ನೇಹದಿಂದ ಸುಲಭವಾಗುತ್ತಿತ್ತು ಎಂದೆನಲ್ಲ, ಈಗ ಅದು ಯೋಜನೆಯಿಂದಲೇ ದುರ್ಲಭವಾಗಿದೆ. ಸ್ನೇಹಕ್ಕೆ ಅಲ್ಲಿ ಕೆಲಸವಿಲ್ಲ. ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಇದರ ಬಿಸಿ ಶಾಲೆಗಳಿಗೂ ತಟ್ಟಿದೆ. ನಾನು ಬಲ್ಲ ಒಬ್ಬ ಎಂಟನೆಯ ತರಗತಿಯ ಹುಡುಗ, ಓದಿನಲ್ಲಿ ಚುರುಕಾದವನು, ಪ್ರವಾಸಕ್ಕೆಂದು ಮನೆಯಲ್ಲಿ ಕೊಟ್ಟ ಹಣದಿಂದ ಎಂಟು ಪೊಟ್ಟಣಗಳನ್ನು ಕೊಂಡ. ಗದರಿಸಿ ಕೇಳಿದಾಗ ಅವನು ಕೊಟ್ಟ ಉತ್ತರ ಇದು: 'ಎಂಟಕ್ಕೊಂದು ಬಂದೇ ಬರುತ್ತೆ ಸಾರ್, ಅದನ್ನ ಮಾರಿ ದುಡ್ಡು ವಾಪಸು ಇಡೋಣ ಅಂತಿದ್ದೆ.' ಎಂಟರಲ್ಲಿಯೂ ಬರಲಿಲ್ಲ. ಪ್ರವಾಸದ ದಿನ ಅವನು ಮನೆಯಲ್ಲಿ ಉಳಿದ. ಹುಡುಗನಲ್ಲಿ ಕಳ್ಳತನದ ಬುದ್ಧಿಯಿರಲಿಲ್ಲ, ಲೆಕ್ಕ ತಪ್ಪಿತ್ತು. ಈ ತಪ್ಪು ಲೆಕ್ಕವನ್ನು ನಮ್ಮಲ್ಲಿ ಹಿರಿಯರೂ ಮಾಡುತ್ತಾರೆ.

ಗಣಿತದ ಅಧ್ಯಾಪಕರ ನೆರವಿನಿಂದ ನಾವು ತರಗತಿಯಲ್ಲಿ ಒಂದು ಪ್ರಯೋಗ ಮಾಡಿದೆವು. ನೀವೂ ಮನೆಯಲ್ಲಿ ಮಾಡಬಹುದು. ಎಂಟು ಹುಣಿಸೆ ಬೀಜಗಳನ್ನು ತೆಗೆದುಕೊಂಡು ಒಂದಕ್ಕೆ ಸುಣ್ಣ ಹಚ್ಚಿ ಚೀಲಕ್ಕೆ ಹಾಕಿ. ಕಣ್ಣುಮುಚ್ಚಿ ಒಂದನ್ನು ತೆಗೆದು, ನೋಡಿ, ಮತ್ತೆ ಒಳಗೆ ಹಾಕಿ, ಕುಲುಕಿ. ಹೀಗೆ ಎಂಟು ಸಲ. ಸುಣ್ಣದ ಬೀಜ ಎಂಟರಲ್ಲಿ ಒಮ್ಮೆಯಾದರೂ ಬಂದೇ ಬರುವುದೇ? ಇಲ್ಲ. ನೂರು ಮಕ್ಕಳು ಹೀಗೆ ತೆಗೆದರೆ ಸುಮಾರು 34 ಮಂದಿಗೆ ಅದು ಒಮ್ಮೆಯೂ ಬರುವುದಿಲ್ಲ. 48ಕ್ಕೊಂದು ಎಂಬ ಎಲೆಗಾಗಿ 48 ಪೊಟ್ಟಣ ಒಡೆದವರಲ್ಲಿಯೂ ನೂರಕ್ಕೆ ಸುಮಾರು 36 ಮಂದಿ ಬರಿಗೈಯಲ್ಲಿ ಉಳಿಯುತ್ತಾರೆ. ಹಿಂದಿನ ಏಳು ಪೊಟ್ಟಣ ಬರಿದಾದವೆಂದು ಎಂಟನೆಯದಕ್ಕೆ ಕರುಣೆ ಹುಟ್ಟುವುದಿಲ್ಲ. ಅದಕ್ಕೆ ಹಿಂದಿನದರ ನೆನಪೇ ಇಲ್ಲ. ಬೀಜಗಳನ್ನು ಕೈಯಿಂದ ತೆಗೆದು ನೋಡಿದ ಮಕ್ಕಳಿಗೆ ಇದು ಒಂದೇ ದಿನದಲ್ಲಿ ತಿಳಿಯಿತು. ಅದಕ್ಕೆ ಮುಂಚೆ ಒಂದು ತಿಂಗಳ ಉಪದೇಶದಿಂದ ತಿಳಿದಿರಲಿಲ್ಲ.

ಯಶವಂತಪುರದ ಮಾರುಕಟ್ಟೆ ಯಾರ್ಡನ್ನು ನೀವು ಕಂಡಿದ್ದೀರಿ. ಈರುಳ್ಳಿಯ ಚೀಲದ ಬಾಯಿ ಬಿಚ್ಚಿ, ಹಿಡಿಯಷ್ಟು ಹೊರಗೆ ಸುರಿದು, ಗಾತ್ರ ನೋಡಿ, ಹಿಸುಕಿ, ಆಮೇಲೆ ವ್ಯಾಪಾರಿ ಬೆಲೆ ಕೂಗುತ್ತಾನೆ. 'ಹೊಲಿದ ಚೀಲ ಕೊಳ್ಳಿ, ಒಳಗೆ ದಪ್ಪ ಈರುಳ್ಳಿಯೂ ಇರಬಹುದು' ಎಂದರೆ ಅಲ್ಲಿ ನಗುತ್ತಾರೆ. ಈರುಳ್ಳಿಗೆ ತೋರುವ ಜಾಣತನವನ್ನು ಮಗುವಿನ ಪೊಟ್ಟಣಕ್ಕೆ ತೋರುವುದು ಬೇಡವೆ?

ಬೇರೆ ದೇಶಗಳವರು ಇದನ್ನು ಯೋಚಿಸಿದ್ದಾರೆ. 1999ರಲ್ಲಿ ಅಮೆರಿಕದ ಕೆಲವು ತಂದೆತಾಯಿಗಳು ಪೋಕೆಮಾನ್ ಪೊಟ್ಟಣ ಜೂಜಿಗೆ ಸಮಾನವೆಂದು ನ್ಯಾಯಾಲಯಕ್ಕೆ ಹೋದರು. ಅಂಥ ದಾವೆಗಳು ಅಲ್ಲಿ ನಿಲ್ಲಲಿಲ್ಲ. ಜಪಾನಿನಲ್ಲಿ ಅನುಚಿತ ಬಹುಮಾನಗಳನ್ನು ತಡೆಯುವ 1962ರ ಕಾನೂನಿನ ಆಧಾರದಲ್ಲಿ ಒಂದು ಕಟ್ಟಳೆಯಿದೆ: ಬೇರೆಬೇರೆ ಚಿತ್ರಗಳ ಪೂರ್ಣ ಗುಂಪನ್ನು ಕೂಡಿಸಿದವರಿಗೆ ಬಹುಮಾನ ಕೊಡುವಂತಿಲ್ಲ. ಕೊನೆಯ ಒಂದು ಚಿತ್ರಕ್ಕಾಗಿ ಮಗು ಎಷ್ಟು ಕಳೆಯಬಲ್ಲದೆಂಬುದನ್ನು ಅವರು ಬಲ್ಲರು. 2012ರಲ್ಲಿ ಅಲ್ಲಿನ ಬಳಕೆದಾರರ ಇಲಾಖೆ ಮೊಬೈಲ್ ಆಟಗಳಲ್ಲಿನ ಅಂಥದೇ ಯೋಜನೆಗೆ ಈ ಕಟ್ಟಳೆ ಅನ್ವಯಿಸುತ್ತದೆಂದು ಸಾರಿ ಅದನ್ನು ನಿಲ್ಲಿಸಿತು. ಆದರೆ ಪೊಟ್ಟಣದಲ್ಲಿ ವಿರಳ ಎಲೆ ಸೇರಿಸುವುದಕ್ಕೆ ಅಲ್ಲಿಯೂ ತಡೆಯಿಲ್ಲ. ಆದಕಾರಣ ಎಚ್ಚರ ಮನೆಯಲ್ಲಿಯೇ ಇರಬೇಕು.

ನಕಲಿ ಎಲೆಗಳ ವಿಷಯವಾಗಿ ಎರಡು ಮಾತು. ಚಿನ್ನದ ಬಣ್ಣದ ಪ್ಲಾಸ್ಟಿಕ್ ಎಲೆಗಳ ಕಟ್ಟು ನಮ್ಮ ಅಂಗಡಿಗಳಲ್ಲಿ ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಐವತ್ತಕ್ಕೂ ಹೆಚ್ಚು ಎಲೆಗಳು, ಎಲ್ಲವೂ ಬಂಗಾರ! ಅವು ಅಸಲಲ್ಲ. ಬರಿ ಆಟಕ್ಕೆಂದು ಕೊಂಡರೆ ಬಾಧಕವಿಲ್ಲ. ಆದರೆ ದೊಡ್ಡ ಹುಡುಗರು ಇವನ್ನು ತೋರಿಸಿ ಚಿಕ್ಕ ಮಕ್ಕಳಿಂದ ಅಸಲು ಎಲೆಗಳನ್ನು ಕಿತ್ತುಕೊಳ್ಳುವುದುಂಟು. ಅದನ್ನು ತಡೆಯಬೇಕು.

ಈಗ ಅಪರೂಪ ಎಂಬ ಮಾತಿನ ಕಥೆ. ಸಂಸ್ಕೃತದಲ್ಲಿ ಅಪರೂಪವೆಂದರೆ ರೂಪ ಕೆಟ್ಟದ್ದು, ವಿಕಾರವಾದದ್ದು. ಕನ್ನಡಕ್ಕೆ ಬಂದು ಅದು 'ಎಲ್ಲೋ ಒಮ್ಮೆ ಕಾಣುವಂಥದು' ಎಂಬ ಒಳ್ಳೆಯ ಅರ್ಥ ಪಡೆಯಿತು. ಎಲೆಗಳ ಲೋಕದಲ್ಲಿ ಈ ಎರಡು ಅರ್ಥಗಳೂ ಒಂದು ಕಡೆ ಕೂಡಿವೆ. ಜಪಾನಿನಲ್ಲಿ 1996ರ ಮೊದಲ ಅಚ್ಚಿನ ಪೋಕೆಮಾನ್ ಎಲೆಗಳಲ್ಲಿ ಚುಕ್ಕೆ, ವಜ್ರ, ನಕ್ಷತ್ರ ಯಾವ ಗುರುತೂ ಇರಲಿಲ್ಲ. ಮುಂದಿನ ಅಚ್ಚಿನಿಂದ ಗುರುತು ಬಂತು. ಇಂದು ಸಂಗ್ರಾಹಕರು ಹೆಚ್ಚು ಬೆಲೆ ಕೊಟ್ಟು ಅರಸುವುದು ಆ ಗುರುತಿಲ್ಲದ ಎಲೆಗಳನ್ನೇ. ಕಂಪನಿ ವಿರಳವೆಂದು ಮುದ್ರೆಯೊತ್ತಿದ್ದಕ್ಕಿಂತ, ಮುದ್ರೆಯನ್ನು ಮರೆತದ್ದೇ ಹೆಚ್ಚು ಅಪರೂಪವಾಯಿತು.

ನಮ್ಮ ಹೆಬ್ಬಾಳದಲ್ಲಿಯೂ ಒಂದು ಅಪರೂಪದ ವಸ್ತುವಿದೆ. 2018ರಲ್ಲಿ ಚರಂಡಿಗಾಗಿ ಅಗೆಯುವಾಗ ಅಲ್ಲಿ ಒಂದು ವೀರಗಲ್ಲು ದೊರೆಯಿತು. ಗಂಗರ ಶ್ರೀಪುರುಷನ ಕಾಲದ್ದು, ಕ್ರಿ.ಶ. 750ರ ಸುಮಾರಿನದು. ಕಾದಾಡಿ ಮಡಿದ ಕಿತ್ತಯ್ಯ ಎಂಬ ವೀರನ ಹೆಸರನ್ನು ಅದರಲ್ಲಿ ಕನ್ನಡದಲ್ಲಿ ಕೆತ್ತಿದ್ದಾರೆ. ಅಂಥದು ಪ್ರಪಂಚದಲ್ಲಿ ಒಂದೇ. ಹನ್ನೆರಡು ಶತಮಾನಗಳಿಗೂ ಹೆಚ್ಚು ಕಾಲ ಅದನ್ನು ವಿರಳವಾಗಿಸಿತು. ಆದರೂ ಅದು ದುರ್ಲಭವಲ್ಲ. ಎಲೆಗಳ ಹುಚ್ಚು ಹಿಡಿದ ಮಕ್ಕಳನ್ನು ಒಂದು ಭಾನುವಾರ ಅಲ್ಲಿಗೆ ಕರೆದುಕೊಂಡುಹೋಗಿ, ಅಕ್ಷರಗಳ ಮೇಲೆ ಕಣ್ಣಾಡಿಸಲು ಹೇಳಿ. 'ಒಂದರಲ್ಲಿ ಒಂದು' ಎಂಬ ಮಾತಿಗೆ ಬೇರೆ ಅರ್ಥವೂ ಇದೆಯೆಂದು ಅವರು ಬೇಗ ಗ್ರಹಿಸುತ್ತಾರೆ.

ಹೀಗೆಂದಮಾತ್ರಕ್ಕೆ ಈ ಎಲೆಗಳನ್ನು ಮನೆಯಿಂದ ಹೊರಗೆಸೆಯಿರೆಂದು ನಾನು ಹೇಳುವವನಲ್ಲ. ಆಟ ಒಳ್ಳೆಯದು. ಎಲೆಯ ಮೇಲಿನ ಸಣ್ಣ ಅಕ್ಷರವನ್ನು ಬಿಡದೆ ಓದುವ ಹುಡುಗ ಪಾಠದ ಅಡಿಟಿಪ್ಪಣಿಯನ್ನೂ ಓದಬಲ್ಲ. ನಿಷೇಧಿಸಿದ ವಸ್ತು ಚೀಲದ ತಳಕ್ಕೆ ಇಳಿಯುತ್ತದೆಯೇ ಹೊರತು ಮಾಯವಾಗುವುದಿಲ್ಲ. ಆದಕಾರಣ ನನ್ನ ಸಲಹೆಗಳು ನಾಲ್ಕೇ. ತಿಂಗಳಿಗೆ ಇಷ್ಟು ಎಂದು ಹಣವನ್ನು ಗೊತ್ತುಮಾಡಿ, ಅದನ್ನು ಮೀರಬೇಡಿ. ಇಂಥದೇ ಎಲೆ ಬೇಕೆಂದು ಮಗು ಹಟ ಹಿಡಿದರೆ ಮುಚ್ಚಿದ ಪೊಟ್ಟಣಗಳ ಬದಲು, ನಂಬಿಕಸ್ಥ ಅಂಗಡಿಯಲ್ಲಿ ಆ ಒಂದು ಎಲೆಯನ್ನೇ ನೋಡಿ ಬೆಲೆ ಕೊಟ್ಟು ಕೊಳ್ಳಿ. ಅನೇಕ ವೇಳೆ ಅದೇ ಅಗ್ಗವಾಗುತ್ತದೆ. ಪೊಟ್ಟಣ ಕೊಂಡದ್ದೆಷ್ಟು, ಬಂದದ್ದೇನು ಎಂದು ಮಗುವಿನ ಕೈಯಿಂದಲೇ ಒಂದು ನೋಟುಬುಕ್ಕಿನಲ್ಲಿ ಬರೆಸಿ. ಮತ್ತು ಮಿಕ್ಕ ಎಲೆಗಳನ್ನು ಬೀರುವಿನಲ್ಲಿ ಕೊಳೆಸದೆ, ನೆರೆಯ ಮಕ್ಕಳನ್ನು ವಾರಕ್ಕೊಮ್ಮೆ ಜಗಲಿಗೆ ಕರೆದು ಬದಲಾಯಿಸಿಕೊಳ್ಳಲು ಹೇಳಿ. ಅದರಲ್ಲಿ ಚಿಕ್ಕವರಿಗೆ ಮೋಸವಾಗದಂತೆ ಹಿರಿಯರೊಬ್ಬರು ಹತ್ತಿರ ಕುಳಿತಿರಲಿ.

ಪ್ರವಾಸ ತಪ್ಪಿಸಿಕೊಂಡ ಆ ಹುಡುಗನ ನೋಟುಬುಕ್ಕನ್ನು ನಾನು ನೋಡಿದ್ದೇನೆ. ಹದಿನೇಳು ವಾರಗಳ ಲೆಕ್ಕ ಅದರಲ್ಲಿದೆ. ಪೊಟ್ಟಣಗಳ ಕಲಮು ಹೋಗಹೋಗುತ್ತ ಕಿರಿದಾಗಿದೆ. ಬದಲಾಯಿಸಿಕೊಂಡ ಎಲೆಗಳ ಕಲಮು ಬೆಳೆದಿದೆ. ಯಾರು ಕೊಟ್ಟರೆಂಬ ಹೆಸರುಗಳನ್ನೂ ಅವನು ಬರೆದಿಟ್ಟಿದ್ದಾನೆ. ನಿಮ್ಮ ಮನೆಯ ಮಕ್ಕಳ ಪುಸ್ತಕದಲ್ಲಿಯೂ ಆ ಕಲಮು ಬೆಳೆಯಲಿ ಎಂದು ಹಾರೈಸುತ್ತೇನೆ.